ಹಾಸನದ ಮೇಲೆ ಇಳಿಜಾರು

ಬೆಳಿಗ್ಗೆ ಏಳು ಗಂಟೆ ಎಂಟು ನಿಮಿಷ. ವಿಮಾನ ನಿಧಾನಕ್ಕೆ ಹಿಂದೆ ಸರಿಯುತ್ತಿದೆ. ಕಿಟಕಿ ಪಕ್ಕ ಕೂತ ಅಪ್ಪ ಅಂಗಿಯ ಜೇಬಿನಿಂದ ಪೆನ್ನು ತೆಗೆದು, ಬೋರ್ಡಿಂಗ್ ಪಾಸನ್ನು ತೊಡೆಯ ಮೇಲೆ ಮಗುಚಿಟ್ಟು, ಹಿಂಬದಿಯ ಖಾಲಿ ಜಾಗದಲ್ಲಿ ಮೊದಲ ಸಾಲು ಬರೆಯುತ್ತಾರೆ: ಬಿಟ್ಟದ್ದು 7.08.

ಇಪ್ಪತ್ತೇಳು ವರ್ಷ ಬೆಂಗಳೂರು–ಮಂಗಳೂರು ರಾತ್ರಿ ಬಸ್ಸು ಓಡಿಸಿದ ಕೈ ಅದು. ಲಾಗ್‌ಶೀಟ್ ತುಂಬದೆ ಗಾಡಿ ಮುಂದೆ ಹೋಗುವುದು ಆ ಕೈಗೆ ಗೊತ್ತಿಲ್ಲ. ಬಲ ಮೊಣಕಾಲಿನ ಆಪರೇಷನ್ ಆಗಿ ಆರು ವಾರ ಕಳೆದಿದೆ. ಎಂಟು ಗಂಟೆ ಕಾಲು ಮಡಚಿ ಕೂರುವುದು ಬೇಡ ಎಂದು ಡಾಕ್ಟರು ಹೇಳಿದ ಮೇಲೆಯೇ ಅಪ್ಪ ಈ ಪ್ರಯಾಣಕ್ಕೆ ಒಪ್ಪಿದ್ದು. ಕಾಲು ಚಾಚಲು ಜಾಗ ಇರಲಿ ಅಂತ ಮೊದಲನೇ ಸಾಲು, ಘಾಟಿ ಕಾಣಲಿ ಅಂತ ಎಡಗಡೆಯ ಕಿಟಕಿ. "ಎಡಗಡೆ ಕಂಡಕ್ಟರ್ ಬದಿ ಅಲ್ವಾ?" ಎಂದು ನಿನ್ನೆ ರಾತ್ರಿ ಕೇಳಿದ್ದರು. ವಿಮಾನದಲ್ಲಿ ಕ್ಯಾಪ್ಟನ್ ಕೂರುವುದೇ ಎಡಕ್ಕೆ ಎಂದ ಮೇಲೆ ಸುಮ್ಮನಾದರು.

"ಇದಕ್ಕೆ ರಿವರ್ಸ್ ಗೇರ್ ಇಲ್ವಾ ಮಗಾ?"

"ಇಲ್ಲ ಅಪ್ಪ. ಮುಂದಿನ ಚಕ್ರಕ್ಕೆ ಟ್ರ್ಯಾಕ್ಟರಿನಂಥ ಗಾಡಿ ಕಟ್ಟಿ ದೂಡ್ತಾರೆ."

ಕೆಳಗೆ ಒದ್ದೆ ಕಾಂಕ್ರೀಟಿನ ಮೇಲೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಹುಡುಗನೊಬ್ಬ ವಿಮಾನದ ಜೊತೆಗೇ ನಡೆದು ಬರುತ್ತಿದ್ದಾನೆ. ಹಿಂದೆ ನೋಡಲಿಕ್ಕೆ ಒಬ್ಬ ಇದ್ದಾನೆ ಎಂದು ಅಪ್ಪನಿಗೆ ಸಮಾಧಾನವಾಗುತ್ತದೆ.

ಟಿಕೆಟ್ಟಿನಲ್ಲಿ ಇರುವುದು ಹೊರಡುವುದು 7.05, ತಲುಪುವುದು 8.10. ಒಂದು ಗಂಟೆ ಐದು ನಿಮಿಷ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 306 ಕಿಲೋಮೀಟರ್. ಗಂಟೆಗೆ 800 ಕಿಲೋಮೀಟರ್ ಹೋಗುವ ವಿಮಾನಕ್ಕೆ ಅದು ಇಪ್ಪತ್ತಮೂರು ನಿಮಿಷದ ಹಾದಿ. ಉಳಿದ ನಲವತ್ತೆರಡು ನಿಮಿಷ ಎಲ್ಲಿಗೆ ಹೋಗುತ್ತದೆ? ನಿನ್ನೆ ಊಟದ ಹೊತ್ತಿಗೆ ಅಪ್ಪ ಕೇಳಿದ ಪ್ರಶ್ನೆ ಇದು.

ಅದಕ್ಕಿಂತ ಮುಂಚೆ ಇನ್ನೊಂದು ಕೇಳಿದ್ದರು. "ಮುನ್ನೂರಾರು ಹೇಳಿದ್ದು ಯಾವ ರೂಟಲ್ಲಿ?"

"ರೂಟೇ ಇಲ್ಲ ಅಪ್ಪ, ನೇರ."

"ನೇರ ಹೇಳಿ ಯಾವ ಮಾರ್ಗವೂ ಇಲ್ಲ ಮಗಾ."

ಅವರ ಮಾತೇ ಸರಿ. 306 ಎಂಬುದು ಗ್ಲೋಬಿನ ಮೇಲೆ ದಾರ ಬಿಗಿದು ಅಳೆದ ಲೆಕ್ಕ. ಆಕಾಶದಲ್ಲೂ ರೂಟು ಉಂಟು. ಏರುವುದಕ್ಕೆ ಗೊತ್ತು ಮಾಡಿದ ದಾರಿ, ನಡುವಿನ ದಾರಿ, ಇಳಿಯುವುದಕ್ಕೆ ಇನ್ನೊಂದು ದಾರಿ. ಮೇಲೆ ಹೋದವನು ಇಷ್ಟಬಂದಲ್ಲಿ ತಿರುಗಿಸುವ ಹಾಗಿಲ್ಲ. ದಾರ ಬಿಗಿದು ಅಳೆಯುವ ಲೆಕ್ಕದ ನಿಜವಾದ ಸೊಗಸು ಕಾಣಬೇಕಾದರೆ ದೂರದ ಊರು ಬೇಕು. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್‌ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಲ್ಲೂ ನಿಲ್ಲಿಸದೆ ವಿಮಾನ ತಂದರಲ್ಲ, ಆಗ ಅವರು ಪೂರ್ವಕ್ಕೂ ಹೋಗಲಿಲ್ಲ, ಪಶ್ಚಿಮಕ್ಕೂ ಹೋಗಲಿಲ್ಲ, ಉತ್ತರ ಧ್ರುವದ ಮೇಲೆ ಹಾದು ಬಂದರು. ಭೂಪಟದ ಹಾಳೆಯಲ್ಲಿ ಅದು ಸುತ್ತುದಾರಿ, ಗುಂಡಗಿನ ಭೂಮಿಯಲ್ಲಿ ಅದೇ ಹತ್ತಿರದ ದಾರಿ. ನಮ್ಮ ಮುನ್ನೂರು ಕಿಲೋಮೀಟರಿನಲ್ಲಿ ಭೂಮಿಯ ಬಾಗು ಲೆಕ್ಕಕ್ಕೇ ಬರುವುದಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಘಾಟಿ.

ವಿಮಾನ ನೆಲದ ಮೇಲೇ ಹೋಗುತ್ತಿದೆ. ಒಂದು ತಿರುವು, ಇನ್ನೊಂದು ತಿರುವು. ಮುಂದೆ ಎರಡು ವಿಮಾನಗಳು ಸರದಿಯಲ್ಲಿವೆ. ಟಿಕೆಟ್ಟಿನ ವೇಳೆಗೆ ಈ ಕಸುಬಿನವರು ಬ್ಲಾಕ್ ಟೈಮ್ ಅನ್ನುತ್ತಾರೆ. ಚಕ್ರಕ್ಕೆ ಕೊಟ್ಟ ಅಡ್ಡ ತೆಗೆದು ಗಾಡಿ ಸರಿದಲ್ಲಿಂದ, ಆ ಕಡೆ ನಿಂತು ಮತ್ತೆ ಅಡ್ಡ ಕೊಡುವವರೆಗಿನ ಹೊತ್ತು. ಇದನ್ನು ಅಪ್ಪನಿಗೆ ಬಿಡಿಸಿ ಹೇಳಬೇಕಾಗಲೇ ಇಲ್ಲ. ಚಕ್ರಕ್ಕೆ ಕಲ್ಲು ಕೊಡುವುದು, ಕಲ್ಲು ತೆಗೆಯುವುದು ಎಂದ ಕೂಡಲೇ ತಲೆಯಾಡಿಸಿದರು. ಬಸ್ಸಿನ ಟೈಮೂ ಹಾಗೆಯೇ. ಮೆಜೆಸ್ಟಿಕ್‌ನಿಂದ ಗೊರಗುಂಟೆಪಾಳ್ಯ ದಾಟುವ ಹೊತ್ತು ಅದರಲ್ಲಿ ಸೇರಿರುತ್ತದೆ. ಆದರೆ ನಾವು ಬೆಳಗಿನ ಜಾವ 4.10ಕ್ಕೆ ವಿಜಯನಗರದ ಮನೆಯಿಂದ ಹೊರಟದ್ದು ಟಿಕೆಟ್ಟಿನಲ್ಲಿ ಎಲ್ಲೂ ಇಲ್ಲ. 2008ರ ಮೇ 24ಕ್ಕೆ ವಿಮಾನ ನಿಲ್ದಾಣ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಬಂದ ಮೇಲೆ ಮಂಗಳೂರಿನ ವಿಮಾನ ಹಾರುವ ದೂರ ಹೆಚ್ಚುಕಡಿಮೆ ಅಷ್ಟೇ ಉಳಿಯಿತು, ನಗರದವರು ಅದನ್ನು ಹತ್ತಲು ಹೋಗುವ ದೂರ ಬೆಳೆಯಿತು.

7.26. ಎಂಜಿನ್ನಿನ ಸದ್ದು ಒಮ್ಮೆಲೇ ಏರುತ್ತದೆ. ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತದೆ. ಅಪ್ಪ ಎರಡೂ ಕೈಯಲ್ಲಿ ಹಿಡಿಯಲು ಏನೋ ಹುಡುಕಿ, ಸಿಗದೆ, ಮೊಣಕಾಲ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ನಾಲ್ಕು ಕಿಲೋಮೀಟರ್ ಉದ್ದದ ರನ್‌ವೇಯ ಅರ್ಧವೂ ಬೇಕಾಗಲಿಲ್ಲ, ನೆಲ ಬಿಟ್ಟಾಯಿತು. ಮಳೆಗಾಲದ ಪಡುವಣ ಗಾಳಿಗೆ ಎದುರಾಗಿ ಪಶ್ಚಿಮಕ್ಕೇ ಏರುತ್ತಿದ್ದೇವೆ. ಮಂಗಳೂರಿನ ದಿಕ್ಕೂ ಅದೇ ಆದ್ದರಿಂದ ತಿರುಗುವ ಕೆಲಸ ಇಲ್ಲ.

ಬಯಲುಸೀಮೆಯ ಆಗಸ್ಟ್ ಬೆಳಗು. ಚೂರುಚೂರು ಮೋಡ, ನಡುವೆ ಎಳೆಬಿಸಿಲು. ಅಪ್ಪ ಹಣೆಯನ್ನು ಗಾಜಿಗೆ ಒತ್ತಿ ನೋಡುತ್ತಿದ್ದಾರೆ. ಶಿವಗಂಗೆಯ ಬಂಡೆ ಕಾಲಡಿಗೆ ಬರುತ್ತದೆ; ರಾತ್ರಿ ಬಸ್ಸಿನವರಿಗೆ ಕಪ್ಪು ನೆರಳಾಗಿ ಮಾತ್ರ ಗೊತ್ತಿರುವ ಬೆಟ್ಟ. ದೂರದಲ್ಲಿ ಎಡಕ್ಕೆ ಒಂದು ದೊಡ್ಡ ಕೆರೆ ತಗಡಿನ ಹಾಗೆ ಹೊಳೆಯುತ್ತದೆ.

"ಕುಣಿಗಲ್," ಅನ್ನುತ್ತಾರೆ. ವಾಚು ನೋಡಿ, "ಅಬ್ಬ, ಮೆಜೆಸ್ಟಿಕ್ ಬಿಟ್ಟು ಇಲ್ಲಿಗೆ ಬರ್ಲಿಕ್ಕೆ ಎರಡು ಗಂಟೆ."

ಆಮೇಲೆ ಹೆಸರುಗಳು ಒಂದರ ಹಿಂದೆ ಒಂದು ಬರುತ್ತವೆ. ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ. ಊರು ಕಾಣುತ್ತಿಲ್ಲ, ಹೆದ್ದಾರಿಯ ತೆಳು ಗೆರೆಯಷ್ಟೇ ಆಗಾಗ ಕಾಣುತ್ತದೆ. ಅಪ್ಪ ಹೇಳುತ್ತಿರುವುದು ಕಣ್ಣಿನಿಂದಲ್ಲ, ಬಾಯಿಪಾಠದಿಂದ. ಯಾವ ಊರಿನಲ್ಲಿ ಚಹಾ, ಯಾವ ಊರಿನಲ್ಲಿ ಟಯರಿಗೆ ಗಾಳಿ, ಯಾವ ತಿರುವಿನಲ್ಲಿ ಕಬ್ಬಿನ ಗಾಡಿ ಲೈಟಿಲ್ಲದೆ ಬರುತ್ತದೆ. ಹೆಸರು ಮುಗಿಸುವ ಮುಂಚೆ ಊರು ಹಿಂದೆ ಬೀಳುತ್ತಿದೆ. ಅವರು ಇನ್ನೂ ಬೆಳ್ಳೂರು ಕ್ರಾಸಿನ ಹೋಟೆಲಿನ ಕಥೆಯಲ್ಲಿದ್ದಾರೆ, ವಿಮಾನ ಚನ್ನರಾಯಪಟ್ಟಣ ದಾಟಿದೆ.

7.38ಕ್ಕೆ ವಿಮಾನ ಏರುವುದನ್ನು ನಿಲ್ಲಿಸಿ ಮಟ್ಟಸವಾಗುತ್ತದೆ. 24,000 ಅಡಿ ಇರಬಹುದು. ದೂರದ ವಿಮಾನಗಳು ಮೂವತ್ತೈದು ಸಾವಿರದ ಮೇಲೆ ಹೋಗುತ್ತವೆ, ನಮಗೆ ಅಷ್ಟು ಏರಲು ಜಾಗ ಇಲ್ಲ. ಇನ್ನೂ ಮೇಲೆ ಹೋದರೆ ಇಳಿಯುವುದಕ್ಕೆ ಮಂಗಳೂರು ಸಾಲುವುದಿಲ್ಲ, ಅರಬ್ಬೀ ಸಮುದ್ರ ಬೇಕಾಗುತ್ತದೆ. ಗಗನಸಖಿಯರು ಚುರುಕಾಗಿ ನೀರಿನ ಲೋಟ ಹಂಚುತ್ತಿದ್ದಾರೆ.

7.43. ನನಗೆ ಏನೂ ಗೊತ್ತಾಗಲಿಲ್ಲ. ಅಪ್ಪ ಮಾತು ನಿಲ್ಲಿಸಿ ತಲೆ ಓರೆ ಮಾಡುತ್ತಾರೆ.

"ಕಾಲು ತೆಗ್ದ."

"ಯಾರು?"

"ಡ್ರೈವರ್. ಎಕ್ಸಲೇಟರಿಂದ ಕಾಲು ತೆಗ್ದ. ಕೇಳ್ಲಿಲ್ವಾ?"

ಕಿವಿಗೊಟ್ಟು ಕೇಳಿದರೆ ಹೌದು. ಎಂಜಿನ್ನಿನ ಸದ್ದು ಒಂದು ಮೆಟ್ಟಿಲು ಕೆಳಗಿಳಿದಿದೆ. ಮೂಗು ಕೂದಲೆಳೆಯಷ್ಟು ಬಾಗಿದೆ. ಎಡಕ್ಕೆ, ಬಹಳ ಆಚೆ, ಹೇಮಾವತಿಯ ಹಿನ್ನೀರು ಬೆರಳು ಬೆರಳಾಗಿ ಹರಡಿಕೊಂಡಿದೆ. ಹಾಸನ ರೆಕ್ಕೆಯ ಮುಂದೆಯೇ ಇದೆ.

ಪೈಲಟ್‌ಗಳಲ್ಲಿ ಒಂದು ಬಾಯಿಲೆಕ್ಕ ಇದೆ. ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ. ಇಪ್ಪತ್ತನಾಲ್ಕು ಸಾವಿರ ಅಡಿಗೆ ಎಪ್ಪತ್ತೆರಡು ಮೈಲಿ, ಅಂದರೆ 133 ಕಿಲೋಮೀಟರ್. ಹಾಸನದಿಂದ ಬಜ್ಪೆಗೆ ನೇರ ಗೆರೆಯಲ್ಲಿ ದೂರವೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಬೆಂಗಳೂರಿನಿಂದ ಮಂಗಳೂರಿಗೆ ಹಾರುವ ವಿಮಾನಕ್ಕೆ ಘಾಟಿ ಶುರುವಾಗುವುದು ಸಕಲೇಶಪುರದ ಆಚೆ ಅಲ್ಲ, ಹಾಸನದ ಮೇಲೆ. ಹನ್ನೆರಡು ನಿಮಿಷ ಏರು, ಐದು ನಿಮಿಷ ಬಯಲು, ಉಳಿದದ್ದೆಲ್ಲ ಇಳಿಜಾರು. ಗಂಟೆಗೆ ಎಂಟುನೂರು ಎಂಬ ಓಟ ಸಿಗುವುದು ಆ ಐದು ನಿಮಿಷದಲ್ಲಿ ಮಾತ್ರ. ಹತ್ತು ಸಾವಿರ ಅಡಿಯ ಕೆಳಗೆ 250 ನಾಟ್‌ಗಿಂತ, ಅಂದರೆ ಗಂಟೆಗೆ ಸುಮಾರು 460 ಕಿಲೋಮೀಟರಿಗಿಂತ, ವೇಗ ಮಾಡುವಂತಿಲ್ಲ. ಅಪ್ಪನ ನಲವತ್ತೆರಡು ನಿಮಿಷದಲ್ಲಿ ಸ್ವಲ್ಪ ಇಲ್ಲಿ ಸಿಕ್ಕಿತು.

ಅವರಿಗೆ ಇದನ್ನು ಹೇಳುತ್ತೇನೆ. ಕೇಳಿ, ಬಹಳ ಹೊತ್ತು ಯೋಚಿಸಿ, ಅವರು ಹೇಳುವುದು ಇಷ್ಟು: "ಹತ್ತುವ ಗೇರಲ್ಲೇ ಇಳೀಬೇಕು. ಅಲ್ಲಿಯೂ ಅದೇ." ಆಮೇಲೆ ಬೋರ್ಡಿಂಗ್ ಪಾಸಿನಲ್ಲಿ ಬರೆಯುತ್ತಾರೆ: ಹಾಸನ 7.43, ಇಳಿಜಾರು.

ಈಗ ಮುಂದೆ ಗೋಡೆ. ಬೇರೆ ಮಾತಿಲ್ಲ ಅದಕ್ಕೆ. ಇಷ್ಟು ಹೊತ್ತು ಹತ್ತಿಯ ಉಂಡೆಗಳಂತೆ ಚದುರಿದ್ದ ಮೋಡ ಒಂದು ಗೆರೆಯಿಂದ ಆಚೆಗೆ ಒತ್ತೊತ್ತಾಗಿ, ಉತ್ತರದಿಂದ ದಕ್ಷಿಣಕ್ಕೆ ಕಣ್ಣು ಮುಟ್ಟುವವರೆಗೆ ನಿಂತಿದೆ. ಸಮುದ್ರದಿಂದ ಬಂದ ಒದ್ದೆ ಗಾಳಿ ಬೆಟ್ಟಕ್ಕೆ ಬಡಿದು, ಹೋಗಲು ದಾರಿಯಿಲ್ಲದೆ ಮೇಲಕ್ಕೇರಿ, ತಣ್ಣಗಾಗಿ ಹೀಗೆ ನಿಲ್ಲುತ್ತದೆ. ಕೆಳಗಿನ ಬೆಟ್ಟ ಕಾಣದಿದ್ದರೂ ಅದರ ಅಚ್ಚು ಮೋಡದಲ್ಲಿ ಮೂಡಿದೆ. ಸೀಟ್‌ಬೆಲ್ಟ್ ದೀಪ ಹತ್ತುತ್ತದೆ.

"ಅಗೋ, ದೋಣಿಗಾಲ್," ಅಪ್ಪ ಬೆರಳು ತೋರಿಸುತ್ತಾರೆ. ತೋರಿಸಿದ ಕಡೆ ಬಿಳಿ ಬಿಟ್ಟರೆ ಏನೂ ಇಲ್ಲ.

ಮೋಡದೊಳಗೆ ಹೊಕ್ಕ ಕೂಡಲೇ ವಿಮಾನ ಕುಲುಕುತ್ತದೆ. ನೀರಿನ ಲೋಟ ಹಾರಿ ಕೂರುತ್ತದೆ. ಕಿಟಕಿಯ ಮೇಲೆ ಮಳೆನೀರು ಅಡ್ಡಡ್ಡ ಓಡುತ್ತಿದೆ. ಹಿಂದಿನ ಸಾಲಿನಲ್ಲಿ ಮಗುವೊಂದು ಅಳುತ್ತದೆ, ಕಿವಿ ಮುಚ್ಚಿಕೊಂಡಿರಬೇಕು. ಬಸ್ಸಿನಲ್ಲಿ ಹೋಗುವವರಿಗೆ ಗುಂಡ್ಯದ ಹತ್ತಿರ ಕಿವಿ ಮುಚ್ಚಿ, ಎಂಜಲು ನುಂಗಿದಾಗ ಟಪ್ ಎಂದು ಬಿಟ್ಟುಕೊಳ್ಳುತ್ತದಲ್ಲ, ಅದೇ ಈಗ ನನ್ನ ಕಿವಿಯಲ್ಲಿ ಆಗುತ್ತಿದೆ. ಈ ಬಿಳಿಯ ಕೆಳಗೆಲ್ಲೋ, ನಮ್ಮ ಗೆರೆಯಿಂದ ಸ್ವಲ್ಪ ಎಡಕ್ಕೆ, ಮಾರನಹಳ್ಳಿ, ಕೆಂಪುಹೊಳೆ, ಅಡ್ಡಹೊಳೆ. ಲಾರಿಗಳು ಒಂದರ ಬಾಲ ಒಂದು ಹಿಡಿದು ಇಳಿಯುತ್ತಿರುತ್ತವೆ. ಅದರ ಪಕ್ಕದ ಕಾಡಿನಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ 55 ಕಿಲೋಮೀಟರ್ ರೈಲು ಹಳಿ, 57 ಸುರಂಗ. 2024ರ ಜುಲೈನಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಂತು; ಅದೇ ತಿಂಗಳು ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಅಡಿಯ ಮಣ್ಣು ಜರಿದು ರೈಲೂ ನಿಂತಿತು. ಆ ದಿನಗಳಲ್ಲಿ ಕರಾವಳಿಯವರು ಬೆಂಗಳೂರಿನ ದೂರವನ್ನು ಕಿಲೋಮೀಟರಿನಲ್ಲಿ ಹೇಳಲಿಲ್ಲ. "ಮಾರ್ಗ ಉಂಟಾ?" ಎಂದಷ್ಟೇ ಕೇಳುತ್ತಿದ್ದರು.

ಅಪ್ಪ ವಾಚು ನೋಡುತ್ತಲೇ ಇದ್ದಾರೆ. ಅವರ ಲೆಕ್ಕದಲ್ಲಿ ಸಕಲೇಶಪುರದಿಂದ ಗುಂಡ್ಯಕ್ಕೆ ಒಳ್ಳೆಯ ರಾತ್ರಿಯಲ್ಲಿ ಒಂದೂಕಾಲು ಗಂಟೆ, ಮಂಜು ಇದ್ದರೆ ಎರಡು. ಮೂರು ನಿಮಿಷ ಕಳೆಯುತ್ತದೆ.

"ಮುಗೀತಾ ಘಾಟಿ?"

"ಮುಗೀತು ಅಪ್ಪ."

ಅವರು ಏನೂ ಹೇಳುವುದಿಲ್ಲ. ಬಲಗೈ ಮಾತ್ರ ತೊಡೆಯ ಮೇಲೆ ಒಂದು ಸಲ ಮುಷ್ಟಿ ಕಟ್ಟಿ ಬಿಡುತ್ತದೆ. ಎಷ್ಟೋ ಸಾವಿರ ಸಲ ಅವರು ಆ ಕತ್ತಲಲ್ಲಿ, ಹಿಂದೆ ನಿದ್ದೆ ಹೋದ ಐವತ್ತು ಜನರನ್ನು ಇಟ್ಟುಕೊಂಡು, ಒಂದೊಂದೇ ತಿರುವು ಇಳಿಸಿದ್ದಾರೆ. ನನಗೆ ಗೊತ್ತಿದ್ದ ಅತಿ ದೊಡ್ಡ ದೂರ ಅದೇ ಆಗಿತ್ತು. ಮೂರು ನಿಮಿಷ ನನ್ನ ಗಂಟಲಲ್ಲೂ ಇಳಿಯುತ್ತಿಲ್ಲ.

ಧ್ವನಿವರ್ಧಕದಲ್ಲಿ ಕ್ಯಾಪ್ಟನ್ ಮಾತಾಡುತ್ತಾರೆ, ಇಂಗ್ಲಿಷಿನಲ್ಲಿ, ಮತ್ತೆ ಹಿಂದಿಯಲ್ಲಿ. ಅಪ್ಪ ನನ್ನ ಮುಖ ನೋಡುತ್ತಾರೆ.

"ಬಜ್ಪೆಯಲ್ಲಿ ಜೋರು ಮಳೆಯಂತೆ. ರನ್‌ವೇ ಕಾಣುವುದಿಲ್ಲವಂತೆ. ಸ್ವಲ್ಪ ಹೊತ್ತು ಇಲ್ಲೇ ಸುತ್ತು ಹಾಕ್ತಾರಂತೆ."

"ಡೀಸೆಲ್ ಉಂಟಾ?"

ಉಂಟು. ಇಳಿಯಲಾಗದಿದ್ದರೆ ಇನ್ನೊಂದು ಊರಿಗೆ ಹೋಗುವಷ್ಟು, ಅಲ್ಲಿ ಹೋದ ಮೇಲೂ ಅರ್ಧ ಗಂಟೆ ಹಾರುವಷ್ಟು ಇಂಧನ ತುಂಬಿಸಿಕೊಳ್ಳದೆ ವಿಮಾನ ಹೊರಡುವುದೇ ಇಲ್ಲ. ಕಣ್ಣೂರು ಆಗಬಹುದು, ಕೊಚ್ಚಿ ಆಗಬಹುದು, ಬೆಂಗಳೂರಿಗೇ ವಾಪಸ್ಸೂ ಹೋಗಬಹುದು. ವಾಪಸ್ಸು ಎಂದ ಕೂಡಲೇ ಅಪ್ಪನ ಮುಖ ಸಣ್ಣದಾಗುತ್ತದೆ.

ವಿಮಾನ ಎಡಕ್ಕೋ ಬಲಕ್ಕೋ ವಾಲುತ್ತದೆ, ಬಿಳಿಯಲ್ಲಿ ದಿಕ್ಕು ತಿಳಿಯುವುದಿಲ್ಲ. ಕಾಯುವ ಸುತ್ತಿಗೂ ಅಳತೆ ಇದೆ. ಸೆಕೆಂಡಿಗೆ ಮೂರು ಡಿಗ್ರಿಯಂತೆ ಒಂದು ನಿಮಿಷ ಅರ್ಧ ತಿರುವು, ಒಂದು ನಿಮಿಷ ನೇರ, ಮತ್ತೆ ಒಂದು ನಿಮಿಷ ತಿರುವು, ಒಂದು ನಿಮಿಷ ನೇರ. ಕುದುರೆ ಪಂದ್ಯದ ಅಂಗಳದ ಆಕಾರ, ಒಂದು ಸುತ್ತಿಗೆ ನಾಲ್ಕು ನಿಮಿಷ. ಎರಡು ಸುತ್ತು ಹಾಕಿದರೆ ಎಂಟು ನಿಮಿಷ. ಆ ಎಂಟು ನಿಮಿಷದಲ್ಲಿ ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಹಾರಿ, ಹೊರಟಲ್ಲಿಗೇ ಬಂದಿರುತ್ತೇವೆ.

ಎರಡನೇ ಸುತ್ತಿನಲ್ಲಿ ಮೋಡ ಕೈಯಗಲ ಬಿರಿಯುತ್ತದೆ. ಕೆಳಗೆ ಕಡುಹಸಿರು ಅಡಿಕೆ ತೋಟ, ಹೆಂಚಿನ ಮಾಡು, ಅದರಾಚೆ ದೂರದಲ್ಲಿ ಕೆಂಪುನೀರಿನ ಎರಡು ಹೊಳೆ ಒಂದಾಗುವ ಜಾಗ. ಒಂದು ಉಸಿರು ಎಳೆಯುವಷ್ಟು ಹೊತ್ತು, ಅಷ್ಟೇ. ನೇತ್ರಾವತಿಗೆ ಕುಮಾರಧಾರಾ ಸೇರುವುದು ನಮ್ಮೂರು ಉಪ್ಪಿನಂಗಡಿಯಲ್ಲಿ. ಇಬ್ಬರಿಗೂ ಕಂಡಿತು, ಇಬ್ಬರೂ ಬಾಯಿ ಬಿಡಲಿಲ್ಲ. ಅಪ್ಪನ ಬಸ್ಸು ಬೆಳಗಿನ ಜಾವ ನಾಲ್ಕಕ್ಕೆ ಊರು ದಾಟುವಾಗ ಎರಡು ಸಲ ಗಿಡ್ಡ ಹಾರ್ನ್ ಹಾಕುತ್ತಿತ್ತು. ಘಾಟಿ ಇಳಿದಾಯ್ತು ಎಂದು ಅಮ್ಮನಿಗೆ ಸುದ್ದಿ. ಅದು ಕೇಳಿದ ಮೇಲೆ ಅಮ್ಮ ಮಗ್ಗುಲು ಬದಲಿಸಿ ಮಲಗುತ್ತಿದ್ದರು. ಕೇಳದ ದಿನ ಎದ್ದು ಒಲೆ ಹೊತ್ತಿಸಿ ಕೂರುತ್ತಿದ್ದರು.

ಎಂಜಿನ್ನಿನ ಸದ್ದು ಮತ್ತೆ ಬದಲಾಗುತ್ತದೆ. ಕೆಳಗೆ ಗಡಗಡ, ಚಕ್ರ ಹೊರಬಂತು.

ಬಜ್ಪೆಯ ರನ್‌ವೇ ಗುಡ್ಡದ ತಲೆ ಸವರಿ ಮಾಡಿದ್ದು. 2,450 ಮೀಟರ್ ಉದ್ದ, ಎರಡು ತುದಿಯಲ್ಲೂ ಕಣಿವೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಇದೇ ರನ್‌ವೇಯಲ್ಲಿ ನಿಲ್ಲದೆ ಆಚೆಯ ಕಣಿವೆಗೆ ಬಿದ್ದು 158 ಜನ ತೀರಿಕೊಂಡರು, ಎಂಟು ಜನ ಬದುಕಿದರು. ನಮ್ಮ ಕಡೆಯಲ್ಲಿ ಆ ದಿನ ಯಾರ ಮನೆಯ ಯಾರೋ ಒಬ್ಬರು ಆ ವಿಮಾನದಲ್ಲಿದ್ದರು ಎಂಬ ಮಾತು ಕೇಳದ ಬೀದಿ ಇರಲಿಲ್ಲ. ಇಲ್ಲಿ ಇಳಿಯುವಾಗ ಊರಿನವರು ಮಾತು ನಿಲ್ಲಿಸುವುದು ಅದಕ್ಕೆ. ಈಗಲೂ ಯಾರೂ ಮಾತಾಡುತ್ತಿಲ್ಲ. ಗೊತ್ತು ಮಾಡಿದ ಎತ್ತರಕ್ಕೆ ಬಂದಾಗ ಪೈಲಟ್‌ಗೆ ರನ್‌ವೇಯ ದೀಪ ಕಾಣಲೇಬೇಕು. ಕಾಣದಿದ್ದರೆ ಮತ್ತೆ ಮೇಲಕ್ಕೆ, ಎರಡನೇ ಮಾತಿಲ್ಲ. ಎಂಟು ನಿಮಿಷ ಸುತ್ತು ಹಾಕಿಸಿದ್ದನ್ನು ತಡ ಎಂದು ಗೊಣಗಬಾರದು.

ಬಿಳಿ, ಬಿಳಿ, ಬಿಳಿ. ತಟ್ಟನೆ ತೆಂಗಿನ ತಲೆಗಳು. ಕೆಂಪು ಕಲ್ಲಿನ ಗುಡ್ಡ. ಒದ್ದೆ ಟಾರು.

ಚಕ್ರ ನೆಲಕ್ಕೆ ಬಡಿಯುತ್ತದೆ. ಹಿಂದಿನಿಂದ ಯಾರೋ ದೇವರ ಹೆಸರು ಹೇಳುತ್ತಾರೆ. ನನ್ನ ಕಣ್ಣು ಅಪ್ಪನ ಕಾಲಿನ ಮೇಲಿದೆ. ಆಪರೇಷನ್ ಆದ ಬಲಗಾಲು, ಆರು ವಾರದಿಂದ ಮಂಚದಿಂದ ಇಳಿಸಲೂ ನನ್ನ ಕೈ ಬೇಕಾಗಿದ್ದ ಕಾಲು, ಮುಂದಿನ ನೆಲವನ್ನು ಒತ್ತಿ ಹಿಡಿದಿದೆ. ಹಿಮ್ಮಡಿ ಊರಿ, ಬೆರಳು ಬಾಗಿಸಿ, ಒಮ್ಮೆಲೇ ಅಲ್ಲ, ಬಿಟ್ಟು ಬಿಟ್ಟು, ಒದ್ದೆ ಮಾರ್ಗದಲ್ಲಿ ಒತ್ತುವ ಹಾಗೆ. ಹಿಮ್ಮುಖ ಗಾಳಿಯ ಅಬ್ಬರ ಕಿವಿ ತುಂಬುತ್ತದೆ, ಎದೆ ಬೆಲ್ಟಿಗೆ ಬೀಳುತ್ತದೆ. ಓಟ ಇಳಿಯುತ್ತದೆ, ಇಳಿಯುತ್ತದೆ. ವಿಮಾನ ನಡಿಗೆಯ ವೇಗಕ್ಕೆ ಬಂದ ಮೇಲೆಯೇ ಅಪ್ಪ ಕಾಲು ತೆಗೆದದ್ದು.

"ಒಳ್ಳೆ ಡ್ರೈವರ್," ಅಂದರು. ಹಣೆಯಲ್ಲಿ ಬೆವರು.

ನೆಲ ಮುಟ್ಟಿದ್ದು 8.09. ನಿಂತು ಚಕ್ರಕ್ಕೆ ಅಡ್ಡ ಕೊಟ್ಟದ್ದು 8.15. ಐದು ನಿಮಿಷ ತಡ. ಗಾಳಿಯಲ್ಲಿದ್ದದ್ದು ನಲವತ್ತಮೂರು ನಿಮಿಷ, ಅದರಲ್ಲಿ ಎಂಟು ನಿಮಿಷ ಎಲ್ಲಿಗೂ ಹೋಗಲಿಲ್ಲ.

ಗಾಲಿಕುರ್ಚಿ, ಸಾಮಾನು, ಟ್ಯಾಕ್ಸಿ. ಹೊರಗೆ ಬಂದರೆ ಸೆಕೆ ಮತ್ತು ಮಳೆ ಒಟ್ಟಿಗೆ ಮೈಗೆ ಹತ್ತುತ್ತದೆ. ಬಜ್ಪೆಯಿಂದ ಉಪ್ಪಿನಂಗಡಿಗೆ ಐವತ್ತೈದು ಕಿಲೋಮೀಟರಿನಷ್ಟು. ಕೈಕಂಬ, ಬಿ.ಸಿ. ರೋಡು, ಮಾಣಿ. ಆಕಾಶದಲ್ಲಿ ಬಂದ ದಾರಿಯನ್ನೇ ನೆಲದಲ್ಲಿ ಹಿಂದಕ್ಕೆ ಅಳೆಯುತ್ತಿದ್ದೇವೆ. ಹೊಂಡ, ಹೆದ್ದಾರಿ ಅಗಲ ಮಾಡುವ ಕೆಸರು, ಬೆಂಗಳೂರಿನ ಕಡೆಯಿಂದ ಇಳಿದು ಬರುವ ರಾತ್ರಿ ಬಸ್ಸುಗಳು. ಒಂದೊಂದು ಬಸ್ಸು ಎದುರಾದಾಗಲೂ ಅಪ್ಪ ಡ್ರೈವರನ ಮುಖ ನೋಡುತ್ತಾರೆ. ಗುರುತಿನವರು ಯಾರೂ ಇಲ್ಲ.

ಮನೆಯ ಅಂಗಳಕ್ಕೆ ಟ್ಯಾಕ್ಸಿ ಇಳಿಯುವಾಗ 10.20. ಅಪ್ಪ ಇಳಿಯುವ ಮುಂಚೆಯೇ ಕೊನೆಯ ಸಾಲು ಬರೆದು, ಕೂಡಿಸಿ, ಕೆಳಗೆ ಗೆರೆ ಎಳೆದರು. ಬೆಂಗಳೂರಿನ ಮನೆ ಬಿಟ್ಟಲ್ಲಿಂದ ಆರು ಗಂಟೆ ಹತ್ತು ನಿಮಿಷ. ರಾತ್ರಿ ಒಂಬತ್ತೂವರೆಗೆ ಮೆಜೆಸ್ಟಿಕ್ ಬಿಡುತ್ತಿದ್ದ ಅವರ ಬಸ್ಸು ಆರೂವರೆ ಗಂಟೆಯಲ್ಲಿ ಇಲ್ಲಿ ಹಾರ್ನ್ ಹಾಕುತ್ತಿತ್ತು.

"ಇಪ್ಪತ್ತು ನಿಮಿಷ ಉಳೀತು," ಅಂದರು. "ಮತ್ತೆ ಮೊಣಕಾಲು ಉಳೀತು."

ಅಮ್ಮ ಛತ್ರಿ ಹಿಡಿದು ಬಂದರು. ಅಪ್ಪ ಅವರ ಕೈಗೆ ಬೋರ್ಡಿಂಗ್ ಪಾಸು ಕೊಟ್ಟರು, ಸಂಬಳದ ಚೀಟಿ ಕೊಡುತ್ತಿದ್ದ ಹಾಗೆ. ಜಗುಲಿಯ ಬೆಳಕಿಗೆ ಹಿಡಿದು, ಕನ್ನಡಕ ಸರಿಮಾಡಿಕೊಂಡು ಅಮ್ಮ ಒಂದೊಂದೇ ಸಾಲು ಓದಿದರು. ನಡುವೆ ಬೆರಳು ನಿಂತಿತು.

"ಈ 'ಸುತ್ತು 2' ಹೇಳಿದ್ರೆ ಎಂತ?"

ಅಪ್ಪ ಕುರ್ಚಿಯಲ್ಲಿ ಕೂತು, ಬಲಗಾಲು ಚಾಚಿ, ಬಿಸಿನೀರು ಕೇಳಿ, ಹೇಳಲು ಶುರು ಮಾಡಿದರು.